ಬರೆದಿಡದ ನಿಯಮ: ಅಥ್ಲೆಟಿಕ್ ಬಿಲ್ಬಾವೊ ತಂಡದಲ್ಲಿ ಆಡಲು ಯಾರು ಅರ್ಹರು?

1950 ಮತ್ತು 60ರ ದಶಕಗಳಲ್ಲಿ ಸ್ಪೇನಿನ ಉತ್ತರ ಭಾಗದ ಬಿಲ್ಬಾವೊ ನಗರದಲ್ಲಿ ಇಂದಾಉಚು ಎಂಬ ಸಣ್ಣ ಫುಟ್‌ಬಾಲ್ ಕ್ಲಬ್ ಒಂದು ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿತ್ತು. ಅಲ್ಲಿ ಪಳಗಿದ ಮೂವರು ಆಟಗಾರರು ಮುಂದೆ ಬೇರೆ ಊರುಗಳಲ್ಲಿ ದೊಡ್ಡ ಹೆಸರು ಮಾಡಿದರು. ಬುರ್ಗೋಸ್ ಪ್ರಾಂತ್ಯದಲ್ಲಿ ಹುಟ್ಟಿ, ಬಿಲ್ಬಾವೊದ ಸಮೀಪದ ಬಾಲ್ಮಸೇದದಲ್ಲಿ ಬೆಳೆದ ಚುಸ್ ಪೆರೆದ 1964ರ ಯುರೋಪಿಯನ್ ನೇಷನ್ಸ್ ಕಪ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ ಸ್ಪೇನಿನ ಮೊದಲ ಗೋಲು ಹೊಡೆದರು. ಅರ್ಜೆಂಟೀನಾದಲ್ಲಿ ಹುಟ್ಟಿ, ಎಯ್ಬಾರ್ ಪಟ್ಟಣದಲ್ಲಿ ಬೆಳೆದ ಹೊಸೆ ಎವುಲೊಹಿಯೊ ಗಾರತೆ ಅಟ್ಲೆಟಿಕೊ ಮ್ಯಾಡ್ರಿಡ್ ಪರ ಆಡುತ್ತ ಮೂರು ಬಾರಿ ಸ್ಪೇನ್ ಲೀಗಿನ ಅತಿ ಹೆಚ್ಚು ಗೋಲು ಗಳಿಸಿದವರ ಸಾಲಿನಲ್ಲಿ ಮೊದಲಿಗರಾದರು. ಆಗ ಸ್ಪೇನಿನ ವಸಾಹತಾಗಿದ್ದ, ಈಗ ಈಕ್ವಟೋರಿಯಲ್ ಗಿನಿ ದೇಶಕ್ಕೆ ಸೇರಿರುವ ದ್ವೀಪದಲ್ಲಿ ಹುಟ್ಟಿ, ಬಾಲ್ಯದಲ್ಲೇ ಬಿಲ್ಬಾವೊಗೆ ಬಂದ ಕಪ್ಪು ವರ್ಣದ ಮಿಗೆಲ್ ಜೋನ್ಸ್ 1962ರ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಅದೇ ಅಟ್ಲೆಟಿಕೊ ಪರ ಗೋಲು ಹೊಡೆದರು. ಮೂವರೂ ಬಿಲ್ಬಾವೊದ ದೊಡ್ಡ ಕ್ಲಬ್ಬಾದ ಅಥ್ಲೆಟಿಕ್‌ನ ಕಣ್ಣೆದುರಿಗೇ ಇದ್ದವರು. ಅವರು ಬಾಸ್ಕ್ ನೆಲದಲ್ಲಿ, ಅಂದರೆ ಬಿಲ್ಬಾವೊವನ್ನೊಳಗೊಂಡ, ತಮ್ಮದೇ ಭಾಷೆಯುಳ್ಳ ಬಾಸ್ಕ್ ಜನರ ನಾಡಿನಲ್ಲಿ, ಹುಟ್ಟಿದವರಲ್ಲ ಎಂಬ ಕಾರಣಕ್ಕೆ ಆ ಕ್ಲಬ್ಬು ಮೂವರಲ್ಲಿ ಒಬ್ಬರನ್ನೂ ಸೇರಿಸಿಕೊಳ್ಳಲಿಲ್ಲ.

2015ರ ಫೆಬ್ರವರಿಯಲ್ಲಿ ಇಟಲಿಯ ಟುರಿನ್‌ನಲ್ಲಿ ನಡೆದ ಯುರೋಪಾ ಲೀಗ್ ಪಂದ್ಯವೊಂದರಲ್ಲಿ ಇನ್ಯಾಕಿ ವಿಲಿಯಮ್ಸ್ ಎಂಬ ಇಪ್ಪತ್ತರ ಯುವಕ ಅಥ್ಲೆಟಿಕ್ ಪರ ಗೋಲು ಹೊಡೆದು, ಆ ಕ್ಲಬ್ಬಿಗಾಗಿ ಗೋಲು ಗಳಿಸಿದ ಮೊದಲ ಕಪ್ಪು ವರ್ಣದ ಆಟಗಾರನಾದ. ಅವನ ತಂದೆ ತಾಯಿ ಘಾನಾ ದೇಶದವರು. ಸಹಾರಾ ಮರುಭೂಮಿಯ ಒಂದು ಭಾಗವನ್ನು ಕಾಲ್ನಡಿಗೆಯಲ್ಲೇ ದಾಟಿ ಸ್ಪೇನಿಗೆ ಬಂದವರು. ಬಿಲ್ಬಾವೊದಲ್ಲಿ ತಮಗೆ ನೆರವಾದ ಪಾದ್ರಿಯ ಹೆಸರನ್ನೇ ಅವರು ಮಗನಿಗೆ ಇಟ್ಟರು. ಜೋನ್ಸ್‌ಗೆ ಮುಚ್ಚಿದ್ದ ಬಾಗಿಲು ವಿಲಿಯಮ್ಸ್‌ಗೆ ತೆರೆದದ್ದು ಹೇಗೆ? ಅವನು ಹುಟ್ಟಿದ್ದು ಬಿಲ್ಬಾವೊದಲ್ಲಿ ಎಂಬುದು ನೇರವಾದ ಉತ್ತರ. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ, ಏಕೆಂದರೆ ಇಂದಿನ ನಿಯಮವನ್ನು ಅಂದಿನ ಇಂದಾಉಚುವಿಗೆ ಅನ್ವಯಿಸಿ ನೋಡಿದರೆ ಆ ಮೂವರೂ ಅರ್ಹರೇ ಆಗುತ್ತಾರೆ. ಈ ನಡುವೆ ನಿಯಮವನ್ನು ಯಾರೂ ಮತಕ್ಕೆ ಹಾಕಿ ತಿದ್ದಿದ್ದಿಲ್ಲ. ತಿದ್ದಲು ಬರುವ ಹಾಗೂ ಇಲ್ಲ, ಅದು ಕ್ಲಬ್ಬಿನ ಬೈಲಾದಲ್ಲಿ ಎಲ್ಲಿಯೂ ಬರೆದೇ ಇಲ್ಲ.

ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ ಅಥ್ಲೆಟಿಕ್ ಅಭಿಮಾನಿಗಳ ಜಗಳಗಳು ಅರ್ಥವಾಗತೊಡಗುತ್ತವೆ. ಬೇರೆ ಕ್ಲಬ್ಬುಗಳ ಅಭಿಮಾನಿಗಳು ಹನ್ನೊಂದರ ಬಳಗದಲ್ಲಿ ಯಾರಿರಬೇಕೆಂದು ವಾದಿಸುವಾಗ ಯಾರು ಚೆನ್ನಾಗಿ ಆಡುತ್ತಾರೆ ಎಂಬುದಷ್ಟೇ ಪ್ರಶ್ನೆ. ಇಲ್ಲಿ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕು: ಯಾರು ನಮ್ಮವರು? ಉತ್ತರವನ್ನು ಯಾವ ದಾಖಲೆಯೂ ಕೊಡುವುದಿಲ್ಲವಾದ್ದರಿಂದ ಪ್ರತಿ ತಲೆಮಾರೂ ವಾದ ಮಾಡಿಯೇ ಅದನ್ನು ಕಂಡುಕೊಳ್ಳಬೇಕಾಗಿದೆ. ಅಭಿಮಾನಿಗಳ ಚರ್ಚೆಯನ್ನು ಕ್ಲಬ್ಬಿನ ಸುತ್ತಲಿನ ಗದ್ದಲ ಎಂದು ತಳ್ಳಿಹಾಕುವವರಿದ್ದಾರೆ. ನನ್ನ ಮಟ್ಟಿಗೆ ನಿಯಮ ಬದುಕಿರುವುದೇ ಆ ಚರ್ಚೆಯಲ್ಲಿ.

ಮೊದಲು ನಿಯಮದ ಇಂದಿನ ರೂಪ. ಬಾಸ್ಕ್ ನಾಡು ಎಂದರೆ ಏಳು ಪ್ರಾಂತ್ಯಗಳು. ಬಿಸ್ಕಾಯ, ಗಿಪುಸ್ಕೋವ, ಆಲವ ಎಂಬ ಮೂರು ಸೇರಿ ಸ್ಪೇನಿನೊಳಗಿನ ಬಾಸ್ಕ್ ಸ್ವಾಯತ್ತ ಪ್ರದೇಶವಾಗಿದೆ, ನವಾರ್ರ ಸ್ಪೇನಿನಲ್ಲೇ ಪ್ರತ್ಯೇಕ ಸ್ವಾಯತ್ತ ಪ್ರದೇಶ, ಉಳಿದ ಲಾಪುರ್ದಿ, ಸುಬೆರೊವ ಮತ್ತು ಕೆಳ ನವಾರ್ರ ಫ್ರಾನ್ಸ್ ದೇಶದೊಳಗಿವೆ. ಎಲ್ಲ ಸೇರಿದರೂ ಜನಸಂಖ್ಯೆ ಸುಮಾರು 30 ಲಕ್ಷ. ಈ ನೆಲದಲ್ಲಿ ಹುಟ್ಟಿದವರು ಅಥವಾ ಇಲ್ಲಿನ ಕ್ಲಬ್ಬುಗಳಲ್ಲಿ ಆಟ ಕಲಿತು ಬೆಳೆದವರು ಮಾತ್ರ ಅಥ್ಲೆಟಿಕ್ ಪರ ಆಡಬಹುದು ಎಂಬುದು ಕ್ಲಬ್ಬು ತನ್ನ 'ತತ್ವ' ಎಂದು ಹೇಳಿಕೊಳ್ಳುವ ಮಾತು. ಹುಟ್ಟು ಅಥವಾ ಕಲಿಕೆ, ಎರಡರಲ್ಲಿ ಒಂದಿದ್ದರೆ ಸಾಕು. ಬಾಸ್ಕ್ ಭಾಷೆ ಬರಬೇಕೆಂದಿಲ್ಲ, ಬಾಸ್ಕ್ ಮನೆತನದ ಹೆಸರು ಇರಬೇಕೆಂದಿಲ್ಲ. ತರಬೇತುದಾರರಿಗೆ ಈ ಕಟ್ಟಳೆ ಇಲ್ಲವೇ ಇಲ್ಲ: ಇಂಗ್ಲೆಂಡಿನ ಫ್ರೆಡ್ ಪೆಂಟ್‌ಲಂಡ್, ಜರ್ಮನಿಯ ಯುಪ್ ಹೈಂಕೆಸ್, ಅರ್ಜೆಂಟೀನಾದ ಮಾರ್ಸೆಲೊ ಬಿಯೆಲ್ಸಾ ಎಲ್ಲರೂ ಇಲ್ಲಿ ತಂಡ ನಡೆಸಿದವರೇ. ಆಡುವ ಕಾಲು ಮಾತ್ರ ನಮ್ಮದಾಗಿರಬೇಕು, ಆಡಿಸುವ ತಲೆ ಯಾರದಾದರೂ ಆಗಬಹುದು ಎಂಬ ಈ ವಿಂಗಡಣೆಗೆ ತರ್ಕ ಹುಡುಕಿದರೆ ಸಿಗುವುದು ಕಷ್ಟ.

ಮೂಲವೂ ಜನ ಭಾವಿಸುವಷ್ಟು ಪರಿಶುದ್ಧವಲ್ಲ. 1898ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಹೆಸರೇ ಇಂಗ್ಲಿಷಿನದು. ಕಬ್ಬಿಣದ ಅದಿರು ಮತ್ತು ಹಡಗು ಕಟ್ಟುವ ಉದ್ಯಮದ ಜೊತೆಗೆ ಬಂದ ಇಂಗ್ಲಿಷ್ ಕೆಲಸಗಾರರೂ, ಬ್ರಿಟನ್ನಿನಲ್ಲಿ ಓದಿ ಊರಿಗೆ ಮರಳಿದ ಬಿಲ್ಬಾವೊ ಹುಡುಗರೂ ಸೇರಿ ಆಟವನ್ನು ಇಲ್ಲಿಗೆ ತಂದರು, ಮೊದಲ ವರ್ಷಗಳ ತಂಡಗಳಲ್ಲಿ ಇಂಗ್ಲಿಷ್ ಆಟಗಾರರಿದ್ದರು. 1911ರ ಸ್ಪೇನ್ ಕಪ್ ಟೂರ್ನಿಯಲ್ಲಿ ಅಥ್ಲೆಟಿಕ್ ಕಣಕ್ಕಿಳಿಸಿದ ಇಂಗ್ಲಿಷ್ ಆಟಗಾರರ ಅರ್ಹತೆಯ ಬಗ್ಗೆ ಎದುರಾಳಿಗಳು ತಕರಾರು ಎತ್ತಿದರು, ಅಲ್ಲಿಂದಾಚೆಗೆ ಕ್ಲಬ್ಬು ವಿದೇಶಿಯರಿಲ್ಲದೆ ಆಡತೊಡಗಿತು. ಅಂದರೆ ಸಿದ್ಧಾಂತಕ್ಕಿಂತ ಮೊದಲು ಬಂದದ್ದು ರೂಢಿ. ರೂಢಿ ಗೆಲುವು ತಂದುಕೊಟ್ಟ ಮೇಲೆ ಸಿದ್ಧಾಂತ ಅದರ ಬೆನ್ನಿಗೆ ಬಂದು ನಿಂತಿತು.

ಹುಟ್ಟಿದ ಊರನ್ನೇ ಅಳತೆಗೋಲು ಮಾಡಿಕೊಂಡದ್ದು ಇಂದಿನ ಕಣ್ಣಿಗೆ ಸಂಕುಚಿತವಾಗಿ ಕಾಣಬಹುದು. ಆ ಕಾಲದ ಬಾಸ್ಕ್ ರಾಜಕೀಯದ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಚಿತ್ರ ಬೇರೆಯಾಗುತ್ತದೆ. 19ನೇ ಶತಮಾನದ ಕೊನೆಯಲ್ಲಿ ಬಿಸ್ಕಾಯದ ಗಣಿಗಳಿಗೆ ಸ್ಪೇನಿನ ಬಡ ಪ್ರಾಂತ್ಯಗಳಿಂದ ಕೂಲಿಕಾರರು ಸಾವಿರಗಟ್ಟಲೆ ಬಂದರು. ಇದಕ್ಕೆ ಪ್ರತಿಕ್ರಿಯೆಯೆಂಬಂತೆ 1895ರಲ್ಲಿ ಬಿಲ್ಬಾವೊದಲ್ಲೇ ಬಾಸ್ಕ್ ರಾಷ್ಟ್ರೀಯವಾದಿ ಪಕ್ಷವನ್ನು ಕಟ್ಟಿದ ಸಾಬಿನೊ ಅರಾನ, ರಕ್ತ ಮತ್ತು ಮನೆತನದ ಹೆಸರುಗಳ ಮೇಲೆ ಬಾಸ್ಕ್ ತನವನ್ನು ಅಳೆದರು. ಆ ಅಳತೆಯಲ್ಲಿ ಗಣಿ ಕೂಲಿಯ ಮಗ ಎಲ್ಲಿ ಹುಟ್ಟಿದರೂ ಪರಕೀಯನೇ. ಫುಟ್‌ಬಾಲ್ ಕ್ಲಬ್ಬಿನ ಅಳತೆಯಲ್ಲಿ ಅದೇ ಮಗ, ಗಾರ್ಸಿಯಾ ಎಂಬ ಸಾಮಾನ್ಯ ಸ್ಪ್ಯಾನಿಷ್ ಹೆಸರಿಟ್ಟುಕೊಂಡೇ, ನಮ್ಮವನು. ಪಕ್ಷಕ್ಕಿಂತ ಮೈದಾನ ಮೊದಲು ಉದಾರವಾಯಿತು ಎಂದು ನಾನು ಹೇಳುವುದು ಇದೇ ಅರ್ಥದಲ್ಲಿ. ಆಟಗಾರರನ್ನು ಬೆಳೆಸುವ ವ್ಯವಸ್ಥೆಗೆ ಸ್ಪೇನಿನಲ್ಲಿ 'ಕಾಂತೆರ' ಎನ್ನುತ್ತಾರೆ, ಆ ಪದದ ಮೂಲ ಅರ್ಥ ಕಲ್ಲುಗಣಿ. ಗಣಿಯ ನಾಡಿಗೆ ಆ ಮಾತು ತಕ್ಕುದೇ ಆಗಿದೆ.

ರಾಜಕೀಯ ಈ ಕ್ಲಬ್ಬಿಗೆ ಹೊರಗಿನಿಂದ ಅಂಟಿಕೊಂಡದ್ದಲ್ಲ. 1936ರಲ್ಲಿ ಮೊದಲ ಬಾಸ್ಕ್ ಸರ್ಕಾರದ ಅಧ್ಯಕ್ಷರಾದ ಹೊಸೆ ಅಂತೋನಿಯೊ ಅಗಿರ್ರೆ ಯುವಕರಾಗಿದ್ದಾಗ ಅಥ್ಲೆಟಿಕ್ ಪರ ಆಡಿದ್ದವರು. ಅಂತರ್ಯುದ್ಧದ ನಡುವೆ, 1937ರಲ್ಲಿ, ಅವರ ಸರ್ಕಾರ ಬಾಸ್ಕ್ ಆಟಗಾರರ ತಂಡವೊಂದನ್ನು ಯುರೋಪ್ ಪ್ರವಾಸಕ್ಕೆ ಕಳಿಸಿತು. ತಂಡ ಹೊರದೇಶದಲ್ಲಿದ್ದಾಗಲೇ ಜೂನ್ ತಿಂಗಳಲ್ಲಿ ಬಿಲ್ಬಾವೊ, ಬಂಡಾಯವೆದ್ದು ಮುಂದೆ ಸ್ಪೇನಿನ ಸರ್ವಾಧಿಕಾರಿಯಾದ ಜನರಲ್ ಫ್ರಾಂಕೊನ ಸೇನೆಯ ವಶವಾಯಿತು. ಗೆದ್ದ ಫ್ರಾಂಕೊ ಸರ್ಕಾರ ವಿದೇಶಿ ಹೆಸರುಗಳನ್ನು ನಿಷೇಧಿಸಿದ್ದರಿಂದ 1941ರಲ್ಲಿ 'ಅಥ್ಲೆಟಿಕ್' ಎಂಬುದು 'ಅಟ್ಲೆಟಿಕೊ' ಆಯಿತು, ಹಳೆಯ ಹೆಸರು ಮರಳಿದ್ದು 1970ರ ದಶಕದಲ್ಲಿ. ಆದರೂ ಫ್ರಾಂಕೊ ಕಾಲದ ಕಥೆ ಬರೀ ದಮನದ ಕಥೆಯಲ್ಲ. ಒಬ್ಬ ವಿದೇಶಿಯನೂ ಇಲ್ಲದೆ ಗೆಲ್ಲುವ ತಂಡ ಆ ಆಡಳಿತಕ್ಕೂ ಇಷ್ಟವೇ ಆಗಿತ್ತು. 1958ರ ಕಪ್ ಫೈನಲ್‌ನಲ್ಲಿ, ಮ್ಯಾಡ್ರಿಡ್ ನಗರದಲ್ಲೇ, ತಾರಾ ಆಟಗಾರ ಡಿ ಸ್ಟೆಫಾನೊ ಇದ್ದ ರಿಯಲ್ ಮ್ಯಾಡ್ರಿಡ್ ತಂಡವನ್ನು ಅಥ್ಲೆಟಿಕ್ 2-0 ಅಂತರದಲ್ಲಿ ಸೋಲಿಸಿದಾಗ 'ಹನ್ನೊಂದು ಹಳ್ಳಿಗರು' ಗೆದ್ದರೆಂಬ ಮಾತು ಹುಟ್ಟಿ, ಇಂದಿಗೂ ಉಳಿದಿದೆ. ಅದನ್ನು ಬಿಲ್ಬಾವೊದವನು ಬಾಸ್ಕ್ ಹೆಮ್ಮೆ ಎಂದು ಓದಿದ, ಮ್ಯಾಡ್ರಿಡ್ಡಿನ ಅಧಿಕಾರಿ ಅಪ್ಪಟ ಸ್ಪ್ಯಾನಿಷ್ ಪೌರುಷ ಎಂದು ಓದಿದ. 1962ರಿಂದ 1973ರವರೆಗೆ ಸ್ಪೇನ್ ಹೊಸ ವಿದೇಶಿ ಆಟಗಾರರ ಆಮದನ್ನೇ ನಿಲ್ಲಿಸಿತ್ತು, ಆ ವರ್ಷಗಳಲ್ಲಿ ಅಥ್ಲೆಟಿಕ್‌ನ ನೀತಿ ಉಳಿದವರ ನಡುವೆ ಅಷ್ಟಾಗಿ ಎದ್ದುಕಾಣುತ್ತಲೂ ಇರಲಿಲ್ಲ.

ಎದ್ದುಕಂಡದ್ದು ಫ್ರಾಂಕೊ ಸತ್ತ ಮರುವರ್ಷ. 1976ರ ಡಿಸೆಂಬರ್ 5ರಂದು ಸಾನ್ ಸೆಬಾಸ್ಟಿಯನ್ ನಗರದ ಅತೋಚ ಮೈದಾನದಲ್ಲಿ ನೆರೆಯ ಎದುರಾಳಿ ರಿಯಲ್ ಸೊಸಿಯೆದಾದ್ ಜೊತೆ ಪಂದ್ಯವಿತ್ತು. ಕೆಂಪು ನೆಲದ ಮೇಲೆ ಹಸಿರು ಓರೆ ಶಿಲುಬೆ ಮತ್ತು ಬಿಳಿ ನೇರ ಶಿಲುಬೆ ಇರುವ ಬಾಸ್ಕ್ ಧ್ವಜ ಇಕುರಿನ್ಯಾಕ್ಕೆ ಆಗಿನ್ನೂ ನಿಷೇಧವಿತ್ತು. ಸೊಸಿಯೆದಾದ್ ಆಟಗಾರ ಹೊಸೆಯಾನ್ ಉರಂಗ, ತಮ್ಮ ಸಹೋದರಿ ಹೊಲಿದುಕೊಟ್ಟ ಧ್ವಜವನ್ನು ಬಚ್ಚಿಟ್ಟುಕೊಂಡು ಮೈದಾನದೊಳಗೆ ತಂದರು. ಎರಡೂ ತಂಡಗಳು ಒಪ್ಪಿದ ಮೇಲೆ ಅಥ್ಲೆಟಿಕ್ ನಾಯಕ, ಗೋಲ್‌ಕೀಪರ್ ಇರಿಬಾರ್, ಮತ್ತು ಸೊಸಿಯೆದಾದ್ ನಾಯಕ ಕೊರ್ತಬಾರಿಯಾ ಅದರ ಒಂದೊಂದು ತುದಿ ಹಿಡಿದು ಸುರಂಗದಿಂದ ಹೊರಬಂದು, ಮೈದಾನದ ನಡುವೆ ಧ್ವಜವನ್ನು ಹಾಸಿದರು. ಒಂದೂವರೆ ತಿಂಗಳೊಳಗೆ ಧ್ವಜದ ಮೇಲಿನ ನಿಷೇಧ ತೆರವಾಯಿತು. ಪಂದ್ಯವನ್ನು ಅಥ್ಲೆಟಿಕ್ 0-5ರಿಂದ ಸೋತಿತು ಎಂಬುದನ್ನು ಬಿಲ್ಬಾವೊದಲ್ಲಿ ಈ ಕಥೆ ಹೇಳುವವರು ಕೊನೆಗೆ, ತಗ್ಗಿದ ದನಿಯಲ್ಲಿ ಸೇರಿಸಬೇಕಾಗುತ್ತದೆ.

ಇಷ್ಟಾದ ಮೇಲೆ ಅಭಿಮಾನಿಗಳೆಲ್ಲ ಒಂದೇ ರಾಜಕೀಯದವರು ಎಂದುಕೊಂಡರೆ ತಪ್ಪಾಗುತ್ತದೆ. ಬಾಸ್ಕ್ ಸ್ವಾತಂತ್ರ್ಯ ಬೇಕೆನ್ನುವವರು, ಸ್ವಾಯತ್ತತೆ ಸಾಕೆನ್ನುವವರು, ತಾವು ಸ್ಪ್ಯಾನಿಷರೇ ಎನ್ನುವವರು ಎಲ್ಲರೂ ಅಥ್ಲೆಟಿಕ್‌ನ ಸಾನ್ ಮಾಮೆಸ್ ಕ್ರೀಡಾಂಗಣದ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂರುತ್ತಾರೆ. 2009ರ ಕಪ್ ಫೈನಲ್‌ನಲ್ಲಿ ಅಥ್ಲೆಟಿಕ್ ಮತ್ತು ಬಾರ್ಸಿಲೋನಾ ಅಭಿಮಾನಿಗಳು ಸೇರಿ ಸ್ಪೇನಿನ ರಾಷ್ಟ್ರಗೀತೆಗೆ ಸಿಳ್ಳೆ ಹಾಕಿ ಪ್ರತಿಭಟಿಸಿದಾಗ ಸರ್ಕಾರಿ ದೂರದರ್ಶನ ಅದನ್ನು ನೇರ ಪ್ರಸಾರದಲ್ಲಿ ತೋರಿಸಲಿಲ್ಲ, ಅದರಿಂದೆದ್ದ ವಿವಾದದಲ್ಲಿ ಅಲ್ಲಿನ ಕ್ರೀಡಾ ವಿಭಾಗದ ಮುಖ್ಯಸ್ಥರು ಹುದ್ದೆ ಕಳೆದುಕೊಂಡರು. ಸಿಳ್ಳೆಯ ವಿಷಯದಲ್ಲಿ ಒಮ್ಮತವಿಲ್ಲದ ಅಭಿಮಾನಿಗಳೂ ತಂಡದ ಆಯ್ಕೆಯ ತತ್ವದ ವಿಷಯದಲ್ಲಿ ಬಹುಮಟ್ಟಿಗೆ ಒಂದಾಗುತ್ತಾರೆ. ಅದು ರಾಷ್ಟ್ರದ ಬಗೆಗಿನ ನಿಲುವಿಗಿಂತ ಊರಿನ ಬಗೆಗಿನ ನಿಲುವಾಗಿ ಉಳಿದಿರುವುದೇ ಇದಕ್ಕೆ ಕಾರಣವಿರಬೇಕು.

ಎಲ್ಲ ಜಗಳವೂ ಗುರುತಿನದಲ್ಲ ಎನ್ನುವುದಕ್ಕೆ 1980ರ ದಶಕದ ಒಂದು ಪ್ರಸಂಗ ಸಾಕು. ಹಾವಿಯೆರ್ ಕ್ಲೆಮೆಂತೆ ಎಂಬ ಯುವ ತರಬೇತುದಾರ 1983 ಮತ್ತು 1984ರಲ್ಲಿ ಸತತ ಎರಡು ಲೀಗ್ ಪ್ರಶಸ್ತಿ ತಂದುಕೊಟ್ಟರು. ಗಟ್ಟಿ ರಕ್ಷಣೆ, ಶ್ರಮದ ಆಟ ಅವರ ಪದ್ಧತಿ. ಮನು ಸಾರಾಬಿಯ ಎಂಬ ಕುಶಲ ಆಟಗಾರನನ್ನು ಅವರು ಮತ್ತೆ ಮತ್ತೆ ಹೊರಗೆ ಕೂರಿಸಿದರು. ಅಭಿಮಾನಿಗಳು ಕ್ಲೆಮೆಂತೆ ಪಕ್ಷ, ಸಾರಾಬಿಯ ಪಕ್ಷ ಎಂದು ಇಬ್ಭಾಗವಾದರು, 1986ರ ಆರಂಭದಲ್ಲಿ ಆಡಳಿತ ಮಂಡಳಿ ತರಬೇತುದಾರರನ್ನು ವಜಾ ಮಾಡಿತು. ಇಬ್ಬರೂ ಬಿಸ್ಕಾಯದವರೇ. ಹೊರಗಿನವರಿಲ್ಲದ ತಂಡದಲ್ಲೂ ಒಳಗಿನವರ ನಡುವೆ ಇಷ್ಟು ಕಹಿ ಸಾಧ್ಯ ಎಂಬುದನ್ನು ಈ ನೀತಿಯನ್ನು ಭಾವುಕವಾಗಿ ಹೊಗಳುವವರು ಮರೆಯುತ್ತಾರೆ.

ನೆರೆಯವರ ದೃಷ್ಟಿಯಿಂದ ನೋಡಿದರೆ ತತ್ವದ ಇನ್ನೊಂದು ಮುಖ ಕಾಣುತ್ತದೆ. ರಿಯಲ್ ಸೊಸಿಯೆದಾದ್ ಕೂಡ ದಶಕಗಳ ಕಾಲ ಬಾಸ್ಕ್ ಆಟಗಾರರನ್ನೇ ನೆಚ್ಚಿಕೊಂಡಿತ್ತು. 1989ರಲ್ಲಿ ಅದು ಐರ್ಲೆಂಡ್ ತಂಡದ ಆಟಗಾರ ಜಾನ್ ಆಲ್ಡ್ರಿಡ್ಜ್‌ರನ್ನು ಲಿವರ್‌ಪೂಲಿನಿಂದ ಕರೆತಂದು ಆ ಪದ್ಧತಿಯನ್ನು ಮುರಿಯಿತು. ಕುತೂಹಲದ ಸಂಗತಿಯೆಂದರೆ, ವಿದೇಶಿಯರಿಗೆ ಬಾಗಿಲು ತೆರೆದ ಮೇಲೂ ಸುಮಾರು ಹತ್ತು ಹನ್ನೆರಡು ವರ್ಷ ಬಾಸ್ಕ್ ಅಲ್ಲದ ಸ್ಪೇನಿನವರನ್ನು ಅದು ಸೇರಿಸಿಕೊಳ್ಳಲಿಲ್ಲ. ಐರ್ಲೆಂಡಿನವನು ಆಗಬಹುದು, ಮ್ಯಾಡ್ರಿಡ್ಡಿನವನು ಬೇಡ! ಯಾವ ಗಡಿ ಯಾರಿಗೆ ನೋವುಂಟುಮಾಡುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ವರ್ಗಾವಣೆ ನೀತಿ ಇನ್ನೊಂದಿರಲಾರದು. ಆ ನಂತರ ಅಥ್ಲೆಟಿಕ್ ಒಂಟಿಯಾಯಿತು. 1995ರ ಬೋಸ್ಮನ್ ತೀರ್ಪು ಯುರೋಪಿನ ಕ್ಲಬ್ಬುಗಳಲ್ಲಿ ಯುರೋಪಿಯನ್ ಒಕ್ಕೂಟದ ಆಟಗಾರರ ಮೇಲಿದ್ದ ಸಂಖ್ಯಾ ಮಿತಿಯನ್ನು ತೆಗೆದುಹಾಕಿದ ಮೇಲೆ ಆ ಒಂಟಿತನ ಇನ್ನಷ್ಟು ಗಾಢವಾಯಿತು.

ಸಣ್ಣ ಮಾರುಕಟ್ಟೆಯಲ್ಲಿ ಕೊಳ್ಳುವವನ ಅಗತ್ಯ ಎಲ್ಲರಿಗೂ ಗೊತ್ತಿರುತ್ತದೆ, ಹಾಗಾಗಿ ಬೆಲೆ ಏರುತ್ತದೆ. 1995ರಲ್ಲಿ ಹದಿನೇಳರ ಹೊಸೆಬ ಎಚೆಬೆರಿಯನನ್ನು ಸೊಸಿಯೆದಾದ್‌ನಿಂದ ಎಳೆದು ತಂದಾಗ ಎರಡು ಕ್ಲಬ್ಬುಗಳ ಸಂಬಂಧವೇ ಕೆಟ್ಟಿತು. ಅದೇ ಎಚೆಬೆರಿಯ ತಮ್ಮ ಕೊನೆಯ ಋತುವನ್ನು ಸಂಬಳವಿಲ್ಲದೆ ಆಡಿ ಕ್ಲಬ್ಬಿನ ಋಣ ತೀರಿಸಿದರು. ನವಾರ್ರದ ಒಸಾಸುನ ಕ್ಲಬ್ಬಿನ ಅಭಿಮಾನಿಗಳದ್ದೂ ಇಂಥದ್ದೇ ದೂರು: ನಮ್ಮ ಹುಡುಗರನ್ನು ನೀವು 'ನಮ್ಮವರು' ಎಂದು ಒಯ್ಯುತ್ತೀರಿ. ಹಾವಿ ಮಾರ್ತಿನೆಸ್ ಒಸಾಸುನದಿಂದ ಬಂದದ್ದು 2006ರಲ್ಲಿ, ಹದಿನೇಳರ ಪ್ರಾಯದಲ್ಲಿ. 2012ರಲ್ಲಿ ಅಥ್ಲೆಟಿಕ್ ಅವರನ್ನು ಬಯರ್ನ್ ಮ್ಯೂನಿಕ್‌ಗೆ ಬಿಟ್ಟುಕೊಟ್ಟಾಗ ಬಂದ ಹಣ 4 ಕೋಟಿ ಯುರೋ. ನವಾರ್ರ ಬಾಸ್ಕ್ ನಾಡಿನ ಭಾಗವೇ ಎಂಬುದೇ ಅಲ್ಲಿ ರಾಜಕೀಯ ವಿವಾದವಾಗಿರುವಾಗ, ಆಟಗಾರನ ಮೇಲಿನ ಹಕ್ಕು ನೆಲದ ಮೇಲಿನ ಹಕ್ಕಿನಂತೆಯೇ ಕೇಳಿಸುತ್ತದೆ. ತತ್ವ ಒಗ್ಗಟ್ಟಿನ ಹೆಸರಿನಲ್ಲಿ ನಿಂತಿದೆ, ಅದರ ಬಿಲ್ಲನ್ನು ಮಾತ್ರ ಹಲವು ಸಲ ಚಿಕ್ಕ ನೆರೆಯವರು ಕಟ್ಟಿದ್ದಾರೆ.

ಈಗ ಕಗ್ಗಂಟಿನ ಭಾಗಕ್ಕೆ ಬರೋಣ. 'ಇಲ್ಲಿ ಬೆಳೆದವರು' ಎಂದರೆ ಯಾವ ವಯಸ್ಸಿನಿಂದ ಬೆಳೆದವರು? ಹತ್ತು ವರ್ಷದ ಹುಡುಗನನ್ನು ಎಲ್ಲಿಂದಲಾದರೂ ತಂದು ಕ್ಲಬ್ಬಿನ ಲೆಸಾಮ ತರಬೇತಿ ಕೇಂದ್ರದಲ್ಲಿ ಬೆಳೆಸಿದರೆ ಅವನೂ ಸಲ್ಲುತ್ತಾನೆಯೇ? ಸಲ್ಲುತ್ತಾನೆಂದರೆ ನಿಯಮಕ್ಕೆ ಅರ್ಥವಿಲ್ಲ, ಸಲ್ಲುವುದಿಲ್ಲವೆಂದರೆ ನೆರೆಯ ಪ್ರಾಂತ್ಯದಿಂದ ಅಪ್ಪ ಅಮ್ಮನೊಡನೆ ವಲಸೆ ಬಂದ ಹುಡುಗನಿಗೆ ಅನ್ಯಾಯ. ಎಮೆರಿಕ್ ಲಪೋರ್ಟ್ ಪ್ರಕರಣ ಈ ಗಂಟನ್ನು ಬಿಚ್ಚಿ ತೋರಿಸಿತು. ಅವರು ಹುಟ್ಟಿದ್ದು ಫ್ರಾನ್ಸಿನ ಅಜಾನ್ ಪಟ್ಟಣದಲ್ಲಿ, ಅಂದರೆ ಬಾಸ್ಕ್ ನಾಡಿನ ಹೊರಗೆ. ಹಿರಿಯರ ಕಡೆಯಿಂದ ಬಾಸ್ಕ್ ಮೂಲವಿತ್ತು, ಆದರೆ ಮೂಲ ಎಂಬುದು ನಿಯಮದಲ್ಲಿಲ್ಲ. ಹದಿಹರೆಯದಲ್ಲಿ ಫ್ರೆಂಚ್ ಬಾಸ್ಕ್ ಪ್ರದೇಶದ ಬಯೊನ್ ನಗರದ ಕ್ಲಬ್ಬಿನಲ್ಲಿ ಒಂದು ಋತು ಆಡಿ ಅವರು ಲೆಸಾಮಕ್ಕೆ ಬಂದರು. ಅದು ಕಲಿಕೆಯೋ, ಕಲಿಕೆಯ ಹೆಸರಿನ ದಾರಿಯೋ ಎಂದು ಕೇಳಿದವರಿದ್ದರು. ಆಟ ಚೆನ್ನಾಗಿದ್ದುದರಿಂದ ಪ್ರಶ್ನೆ ಮೆತ್ತಗಾಯಿತು, 2018ರಲ್ಲಿ ಮ್ಯಾಂಚೆಸ್ಟರ್ ಸಿಟಿ 6.5 ಕೋಟಿ ಯುರೋ ಕೊಟ್ಟು ಕೊಂಡೊಯ್ದ ಮೇಲೆ ಇನ್ನಷ್ಟು ಮೆತ್ತಗಾಯಿತು. ಸಾಧಾರಣ ಆಟಗಾರನ ಹುಟ್ಟೂರನ್ನು ಕೆದಕುವಷ್ಟು ಶ್ರದ್ಧೆಯಿಂದ ಗೋಲು ಹೊಡೆಯುವವನ ಹುಟ್ಟೂರನ್ನು ಯಾರೂ ಕೆದಕುವುದಿಲ್ಲ.

ಪ್ರತಿ ಸಲ ಗಡಿ ಹೀಗೆ ತುಸು ತುಸು ಜರುಗಿದೆ. ಫ್ರೆಂಚ್ ಬಾಸ್ಕ್ ಪ್ರದೇಶದ ಬಿಷೆಂತೆ ಲಿಸರಾಸು 1996ರಲ್ಲಿ ಬಂದಾಗ, ಫ್ರಾನ್ಸ್ ತಂಡದ ಆಟಗಾರನಿಗೆ ಇಲ್ಲಿ ಜಾಗವಿದೆಯೇ ಎಂಬ ಪ್ರಶ್ನೆ ಎದ್ದು ತಣ್ಣಗಾಯಿತು. 2011ರಲ್ಲಿ ಅಂಗೋಲಾ ಮೂಲದ ತಂದೆಯ ಮಗ, ಬಿಸ್ಕಾಯದಲ್ಲೇ ಹುಟ್ಟಿದ ಹೊನಾಸ್ ರಮಾಲ್ಯೊ ಮೊದಲ ತಂಡದಲ್ಲಿ ಆಡಿದರು. 2018ರಲ್ಲಿ ರೊಮೇನಿಯಾದಲ್ಲಿ ಹುಟ್ಟಿ ಬಿಲ್ಬಾವೊ ಹೊರವಲಯದ ಬಸೌರಿಯಲ್ಲಿ ಬೆಳೆದ ಕ್ರಿಸ್ತಿಯಾನ್ ಗಾನ್ಯಾ ಬಂದರು. ಗಾರತೆಯ ಎಯ್ಬಾರ್ ಬಾಲ್ಯಕ್ಕೆ ಸಿಗದ ಮನ್ನಣೆ ಗಾನ್ಯಾರ ಬಸೌರಿ ಬಾಲ್ಯಕ್ಕೆ ಸಿಕ್ಕಿತು. ಯಾವ ಸಭೆಯಲ್ಲೂ ಠರಾವು ಆಗಲಿಲ್ಲ. ಆಡಳಿತ ಮಂಡಳಿ ಒಂದು ಹೆಜ್ಜೆ ಇಡುತ್ತದೆ, ಅಭಿಮಾನಿಗಳು ವಾದಿಸುತ್ತಾರೆ, ಕೊನೆಗೆ ಸುಮ್ಮನಾಗುತ್ತಾರೆ, ಆ ಮೌನವೇ ತಿದ್ದುಪಡಿಯಾಗುತ್ತದೆ.

ಮೌನಕ್ಕೆ ಇಷ್ಟು ತೂಕ ಬರುವುದು ಕ್ಲಬ್ಬಿನ ಒಡೆತನದಿಂದ. 1990ರ ಕ್ರೀಡಾ ಕಾಯ್ದೆ ಸ್ಪೇನಿನ ವೃತ್ತಿಪರ ಕ್ಲಬ್ಬುಗಳನ್ನು ಷೇರು ಕಂಪನಿಗಳಾಗಿ ಬದಲಾಗುವಂತೆ ಮಾಡಿತು. ಲೆಕ್ಕ ಸರಿಯಾಗಿಟ್ಟುಕೊಂಡಿದ್ದ ನಾಲ್ಕಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಒಸಾಸುನ ಮತ್ತು ಅಥ್ಲೆಟಿಕ್ ಆ ನಾಲ್ಕು. ಇಲ್ಲಿ ಸದಸ್ಯರೇ ಒಡೆಯರು, ಅಧ್ಯಕ್ಷರನ್ನು ಚುನಾಯಿಸುವವರೂ ಅವರೇ. ತತ್ವವನ್ನು ಕೈಬಿಡುತ್ತೇನೆಂದು ಹೇಳಿ ಚುನಾವಣೆ ಗೆಲ್ಲುವುದು ಅಸಾಧ್ಯವೆಂಬುದು ಸ್ಪರ್ಧಿಸುವ ಎಲ್ಲರಿಗೂ ಗೊತ್ತು. 2006-07ರ ಋತುವಿನಲ್ಲಿ ತಂಡ ಕೊನೆಯ ದಿನದ ಗೆಲುವಿನಿಂದಷ್ಟೇ ಕೆಳ ದರ್ಜೆಗೆ ಜಾರದೆ ಉಳಿಯಿತು. ಒಮ್ಮೆಯೂ ಹಾಗೆ ಇಳಿಯದ ಮೂರೇ ಕ್ಲಬ್ಬುಗಳಲ್ಲಿ ಅದೂ ಒಂದು. ಅಂಥ ದಿನಗಳಲ್ಲೂ ನೀತಿ ಅಲುಗಲಿಲ್ಲ.

ಗೆದ್ದ ದಿನ ಹೇಗಿರುತ್ತದೆಂದು 2024ರ ಏಪ್ರಿಲ್‌ನಲ್ಲಿ ಕಂಡಿತು. ಏಪ್ರಿಲ್ 6ರಂದು ಸೆವಿಲ್ ನಗರದಲ್ಲಿ ಮಯೋರ್ಕಾ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಅಥ್ಲೆಟಿಕ್ ನಲವತ್ತು ವರ್ಷಗಳ ಬಳಿಕ ಸ್ಪೇನ್ ಕಪ್ ಗೆದ್ದಿತು. ನಡುವೆ ಆರು ಫೈನಲ್ ಸೋತಿತ್ತು, ಅದರಲ್ಲಿ ಎರಡು 2021ರ ಏಪ್ರಿಲ್‌ನಲ್ಲಿ ಎರಡು ವಾರಗಳ ಅಂತರದಲ್ಲಿ. ಏಪ್ರಿಲ್ 11ರಂದು 'ಗಬಾರ್ರ' ಎಂಬ ಹಳೆಯ ಸರಕು ದೋಣಿ, 1984ರ ನಂತರ ಮೊದಲ ಬಾರಿಗೆ, ಆಟಗಾರರನ್ನು ಹೊತ್ತು ನೆರ್ವಿಯೋನ್ ನದಿಯಲ್ಲಿ ಸಾಗಿತು. ಎರಡೂ ದಡಗಳಲ್ಲಿ, ಸೇತುವೆಗಳ ಮೇಲೆ ಜನ ಕಿಕ್ಕಿರಿದು ನಿಂತಿದ್ದರು. ದೋಣಿಯಲ್ಲಿ ಇನ್ಯಾಕಿಯೂ ಇದ್ದ, ಅವನ ತಮ್ಮ ನಿಕೊ ಕೂಡ ಇದ್ದ. ಅಣ್ಣ ಘಾನಾ ದೇಶದ ತಂಡಕ್ಕೆ ಆಡುತ್ತಾನೆ, ನವಾರ್ರದ ಪಂಪ್ಲೋನದಲ್ಲಿ ಹುಟ್ಟಿದ ತಮ್ಮ ಸ್ಪೇನ್ ತಂಡಕ್ಕೆ ಆಡುತ್ತಾನೆ. ಒಂದೇ ಮನೆಯಲ್ಲಿ ಎರಡು ದೇಶ, ಒಂದು ಕ್ಲಬ್ಬು.

ಮರುವರ್ಷವೇ ನಿಕೊ ಬಾರ್ಸಿಲೋನಾಗೆ ಹೋಗುತ್ತಾನೆಂಬ ಸುದ್ದಿ ಹಬ್ಬಿದಾಗ, ಅಣ್ಣತಮ್ಮಂದಿರ ಗೋಡೆಚಿತ್ರವೊಂದರಲ್ಲಿ ಅವನ ಮುಖಕ್ಕೆ ಯಾರೋ ಬಣ್ಣ ಬಳಿದು ಅಳಿಸಿದರು. 2025ರ ಜುಲೈನಲ್ಲಿ ಅವನು 2035ರವರೆಗಿನ ಕರಾರಿಗೆ ಸಹಿ ಹಾಕಿದ. ಅದೇ ವರ್ಷ ಲಪೋರ್ಟ್ ಕೂಡ ಬಿಲ್ಬಾವೊಗೆ ಮರಳಿದರು, ಇನ್ಯಾಕಿ ತಂಡದ ನಾಯಕನಾದ. ಅಜಾನ್‌ನಲ್ಲಿ ಹುಟ್ಟಿದವನು ಬಾಸ್ಕ್ ಹೇಗೆ ಎಂದು ಒಂದು ಕಾಲಕ್ಕೆ ಕೇಳಿದ್ದವರು ಈ ಸಲ ಕೇಳಿದ್ದು, ಮೂವತ್ತೊಂದರ ಪ್ರಾಯದ ಡಿಫೆಂಡರ್‌ಗೆ ಇನ್ನೂ ವೇಗ ಉಳಿದಿದೆಯೇ ಎಂದು.